ಅಳಿಯನ ಗೋಲು, ಅತ್ತೆಯ ಕಾಲು

ಬೆಳ್ಳಂಬೆಳಗ್ಗೆ ನದಿಯ ಆಚೆ ದಡದಿಂದ ಒಂದು ಸೀಟಿ ಕೇಳಿಸಿತು. ಆ ದಿನದ ರಾಮಾಯಣಕ್ಕೆಲ್ಲ ಅದೇ ಮೂಲ.

ಸೀಟಿ ಊದಿದ್ದು ಎದುರಾಳಿ ಫುಟ್‌ಬಾಲ್ ಕ್ಲಬ್ಬಿನ ಕೋಚು. ಸಾಂಕ್ರಾಮಿಕದ ಕಾಲವದು. ಸೇತುವೆಯ ಆಚೆಗೊಂದು ಆಡಳಿತ, ಈಚೆಗೊಂದು ಆಡಳಿತ. ಆಚೆಯವರು ತಮ್ಮ ಕ್ಲಬ್ಬಿಗೆ ಇಡೀ ಮೈದಾನವನ್ನೇ ಬಿಟ್ಟುಕೊಟ್ಟಿದ್ದರು. ಈಚೆಯವರದು ಮಾತ್ರ ಕಟ್ಟುನಿಟ್ಟು: ಆಟಗಾರರು ತಂತಮ್ಮ ಕಟ್ಟಡದ ಆವರಣದಲ್ಲಿ, ತಂತಮ್ಮ ಮನೆಯವರ ಜೊತೆ ಮಾತ್ರ ಅಭ್ಯಾಸ ಮಾಡತಕ್ಕದ್ದು. ಭಾನುವಾರ ಮಾತ್ರ ಎರಡೂ ಕ್ಲಬ್ಬುಗಳು ಒಂದೇ ಮೈದಾನಕ್ಕಿಳಿದು ಸೆಣಸಬೇಕು!

ಸೀಟಿ ಕೇಳಿ ಹಾಸಿಗೆಯಲ್ಲೇ ಹೊಟ್ಟೆ ಉರಿದುಕೊಂಡವನು ಈಚೆ ಕ್ಲಬ್ಬಿನ ಎರಡನೇ ಗೋಲ್‌ಕೀಪರ್. ಎರಡನೆಯವನು ಎಂದರೆ ಆಟ ಮುಗಿಯುವ ತನಕ ಬೆಂಚಿನ ಮೇಲೆ ಕೂರುವವನು. ವರ್ಷಗಟ್ಟಲೆ ಕೂತೂ ಕೂತೂ ಅವನಿಗೆ ಬೆಂಚಪ್ಪ ಎಂದೇ ಹೆಸರಾಗಿತ್ತು. ಸ್ವಂತ ಹೆಸರು ಹಿಡಿದು ಕರೆದರೆ ಬೇರೆ ಯಾರನ್ನೋ ಕರೆದಿರಬೇಕೆಂದು ಅವನೇ ಹಿಂದೆ ತಿರುಗಿ ನೋಡುತ್ತಿದ್ದ. ಈಗ ಮೊದಲನೆಯವನು ಬಚ್ಚಲಲ್ಲಿ ಜಾರಿ ಮಣಿಕಟ್ಟು ಮುರಿದುಕೊಂಡಿದ್ದ. ಕೋಚ್ ಹಿಂದಿನ ದಿನ ಫೋನ್ ಮಾಡಿ, "ನಾಳೆ ಸಂಜೆ ವಿಡಿಯೋದಲ್ಲಿ ನಿನ್ನ ಆಟ ನೋಡ್ತೀನಿ. ಸರಿ ಇದ್ರೆ ಭಾನುವಾರ ನೀನೇ. ಇಲ್ಲಾಂದ್ರೆ ಜೂನಿಯರ್ ತಂಡದವನನ್ನ ಇಳಿಸ್ತೀನಿ" ಎಂದಿದ್ದರು. ಪಾಪ, ಬೆಂಚಪ್ಪನ ಜನ್ಮದಲ್ಲಿ ಬಂದ ಒಂದೇ ಒಂದು ಅವಕಾಶ.

"ಅವರಿಗೆ ಇಡೀ ಮೈದಾನ, ನಮಗೆ ಬಟ್ಟೆ ಒಣಗಿಸೋ ಜಾಗ! ಇದ್ಯಾವ ಸೀಮೆ ನ್ಯಾಯ?" ಎಂದು ಗೊಣಗುತ್ತಾ ಅವನು ಮೆಟ್ಟಿಲಿಳಿದ. ಮನಸ್ಸಿನಲ್ಲೇ ಗೊಣಗಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಕೆಳಮನೆಯ ಬಾಗಿಲು ತಟಕ್ಕನೆ ತೆರೆಯಿತು.

ಅಲ್ಲಿದ್ದವರು ನಿವೃತ್ತ ಗುಮಾಸ್ತರು. ದೂರು ಕೊಡುವುದರಲ್ಲಿ ಅವರದು ಎತ್ತಿದ ಕೈ. ನೀರು ಬರದಿದ್ದರೂ ದೂರು, ಬಂದರೆ ಸದ್ದು ಮಾಡುತ್ತೆ ಅಂತ ದೂರು. ಲಾಕ್‌ಡೌನ್ ಶುರುವಾದ ಮೇಲೆ ದೂರಲು ಏನೂ ಸಿಗದೆ ಸೊರಗಿ ಹೋಗಿದ್ದರು.

"ಏನಂದೆ? ಇನ್ನೊಂದ್ಸಲ ಹೇಳಪ್ಪ!"

"ಏನಿಲ್ಲ ಸಾರ್, ಸುಮ್ನೆ..."

"ಸುಮ್ನೆ ಅಂತೆ! ಪಂದ್ಯ ಒಂದು, ಅಂಕಪಟ್ಟಿ ಒಂದು, ಅಭ್ಯಾಸಕ್ಕೆ ಮಾತ್ರ ಎರಡು ಕಾನೂನಾ? ರೋಗ ಏನು ಸೇತುವೆ ಹತ್ರ ನಿಂತ್ಕೊಂಡು ಟಿಕೆಟ್ ಕೇಳುತ್ತಾ? ಬಿಡಬಾರದು ಇದನ್ನ. ಲೀಗ್ ಆಫೀಸಿಗೆ ನಾನು ಫೋನ್ ಹಚ್ತೀನಿ."

"ಬೇಡ ಸಾರ್, ಸುಮ್ನೆ ಯಾಕೆ ತಲೆನೋವು..."

"ತಲೆನೋವು ನಂದು, ನ್ಯಾಯ ನಿಂದು. ನಡಿ, ನೀನು ಚೆಂಡು ಹಿಡಿ ಹೋಗು!"

ಚೆಂಡು ಹಿಡಿಯಬೇಕಾದರೆ ಯಾರಾದರೂ ಒದೆಯಬೇಕಲ್ಲ! ಬೆಂಚಪ್ಪನ ಮನೆಯಲ್ಲಿ ಇದ್ದವರೇ ಮೂವರು. ಹೆಂಡತಿ ಮನೆಯಿಂದಲೇ ಆಫೀಸು ಕೆಲಸ ಮಾಡುತ್ತಾ, ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು, ಕಾಣದ ಗಿರಾಕಿಗಳಿಗೆ ಕ್ಷಮೆ ಕೇಳುತ್ತಿದ್ದಳು. ಉಳಿದವರು ಅತ್ತೆ. ಟೈಲರ್. ಇಡೀ ಕಟ್ಟಡಕ್ಕೆ ಮಾಸ್ಕ್ ಹೊಲಿದುಕೊಟ್ಟವರು ಅವರೇ, ಅದೂ ಒಂದೇ ಹಳೆಯ ಹೂವಿನ ಪರದೆಯನ್ನು ಕತ್ತರಿಸಿ. ಹಾಗಾಗಿ ಕಟ್ಟಡದವರೆಲ್ಲ ಒಂದೇ ಕಿಟಕಿಯ ಹಿಂದೆ ನಿಂತಂತೆ ಕಾಣುತ್ತಿದ್ದರು.

"ಅತ್ತೇ, ಸ್ವಲ್ಪ ಚೆಂಡು ಒದೀತೀರಾ? ಮೆಲ್ಲಗೆ ಸಾಕು" ಎಂದ ಬೆಂಚಪ್ಪ, ಅತ್ತೆಯ ಮಂಡಿಗಳ ಬಗ್ಗೆ ಮರುಕಪಟ್ಟು.

ಹಿತ್ತಲಲ್ಲಿ ಬಟ್ಟೆ ಹಗ್ಗದ ಎರಡು ಕಂಬಗಳೇ ಗೋಲು, ಅಲ್ಲಿ ಒಣಗುತ್ತಿದ್ದ, ಪಕ್ಕದ ಮನೆಯ ಹಲ್ಲಿನ ಡಾಕ್ಟರಮ್ಮನ ಬಿಳಿ ಬೆಡ್‌ಶೀಟುಗಳೇ ಬಲೆ. ಬೆಂಚಪ್ಪ ನಡುವೆ ನಿಂತು ಕೈ ಅಗಲಿಸಿದ. ಅತ್ತೆ ಚಪ್ಪಲಿ ಕಳಚಿಟ್ಟು, ಸೆರಗು ಸಿಕ್ಕಿಸಿ, ಎಡಗಾಲಲ್ಲಿ ಒದ್ದರು.

ಚೆಂಡು ಯಾವಾಗ ಹೋಯಿತೆಂದು ಬೆಂಚಪ್ಪನಿಗೆ ಗೊತ್ತಾಗಲಿಲ್ಲ. ಹಿಂದೆ ಬೆಡ್‌ಶೀಟು ಢಬ್ ಎಂದಾಗಲೇ ಗೊತ್ತಾದದ್ದು.

ಜನ್ಮವಿಡೀ ಹೊಲಿಗೆ ಯಂತ್ರದ ಪೆಡಲು ತುಳಿದ ಕಾಲು ಸ್ವಾಮೀ ಅದು! ಅತ್ತೆ ಬಲಕ್ಕೆ ನೋಡುವರು, ಅಳಿಯ ಬಲಕ್ಕೆ ಹಾರುವನು, ಚೆಂಡು ಎಡಕ್ಕೆ ಹೋಗುವುದು. ಬುದ್ಧಿ ಕಲಿತು ಎಡಕ್ಕೆ ಹಾರಿದರೆ ಅದು ಬಲಕ್ಕೆ. ಹಾರದೆ ನಿಂತರೆ ನೇರ ಹೊಟ್ಟೆಗೆ ಬಂದು, ಅವನನ್ನೂ ಕರೆದುಕೊಂಡೇ ಒಳಗೆ ಹೋಗುವುದು.

"ನೋವಾಯ್ತಾ ಅಳಿಯಂದ್ರೇ?" ಎಂದು ಅತ್ತೆ ವಿಚಾರಿಸುತ್ತಿದ್ದರು. ಉತ್ತರ ಬರುವಷ್ಟರಲ್ಲಿ ಮುಂದಿನದನ್ನು ಒದ್ದಾಗಿರುತ್ತಿತ್ತು.

ಬಾಲ್ಕನಿಗಳು ತುಂಬಿದವು. ತಿಂಗಳುಗಟ್ಟಲೆ ಗೋಡೆ ನೋಡಿ ನೋಡಿ ಸಾಕಾಗಿದ್ದ ಜನಕ್ಕೆ ಹಬ್ಬವೋ ಹಬ್ಬ. ಒಬ್ಬರು "ಮುಂದೆ ಬಾರಯ್ಯ!" ಎಂದರೆ ಇನ್ನೊಬ್ಬರು "ಹಿಂದೆ ಹೋಗಯ್ಯ!" ಎಂದರು. ಒಂದು ಹೂಕುಂಡ ಒಡೆಯಿತು. ಡಾಕ್ಟರಮ್ಮ ಕೆಂಡವಾಗಿ ಹೊರಗೆ ಬಂದರು.

"ಆಚೆ ಊರಲ್ಲಿ ರೋಗ ಕಮ್ಮಿ ಇದೆ, ಅದಕ್ಕೆ ಬಿಟ್ಟಿದಾರೆ. ನೀವು ನನ್ನ ಶೀಟ್ ಮೇಲೆ ಸೇಡು ತೀರಿಸ್ಕೋತಿದೀರಲ್ಲ! ಇರಿ, ಎಲ್ಲಾ ರೆಕಾರ್ಡ್ ಮಾಡಿ ಗ್ರೂಪಿಗೆ ಹಾಕ್ತೀನಿ. ಸಾಕ್ಷಿ ಬೇಕು ನಂಗೆ!"

ಆಕೆ ಫೋನ್ ಎತ್ತಿದ ಆ ಗಳಿಗೆಯಲ್ಲೇ ಅತ್ತೆ ಮತ್ತೆ ಒದ್ದರು. ಬೆಂಚಪ್ಪ ಹಾರಿದ. ಕಾಲಿಗೆ ಬೆಡ್‌ಶೀಟು ಸುತ್ತಿತು, ಹಗ್ಗ ಹರಿಯಿತು, ಮುಖ ಮುಚ್ಚಿತು. ಬೆಳ್ಳಗೆ ಸುತ್ತಿಕೊಂಡ ಅವನು ಗಾಳಿಯಲ್ಲಿ ಅಡ್ಡಡ್ಡ ಮಲಗಿದ್ದಾಗ ಚೆಂಡು ಬಂದು ಅವನ ನೆತ್ತಿಗೆ ಬಡಿದು ಆಚೆ ಹೋಯಿತು. ಇಡೀ ದಿನ ಅವನು ತಡೆದದ್ದು ಅದೊಂದನ್ನೇ. ಅದನ್ನು ಅವನು ನೋಡಲೂ ಇಲ್ಲ!

ಡಾಕ್ಟರಮ್ಮ ಗ್ರೂಪಿಗೆ ಹಾಕಿದ್ದು ಅದನ್ನೇ. ಸಾಕ್ಷಿಯೇನೋ ಸಾಕ್ಷಿಯೇ, ಆದರೆ ನೋಡಿದವರ ಕಣ್ಣಿಗೆ ಶೀಟು ಕಾಣಲಿಲ್ಲ, ಹಾರಾಟ ಕಂಡಿತು. ಮಧ್ಯಾಹ್ನದೊಳಗೆ ಅದು ಗ್ರೂಪಿನಿಂದ ಗ್ರೂಪಿಗೆ ನೆಗೆದು ಸೇತುವೆಯನ್ನೂ ದಾಟಿತು.

ಸಂಜೆ ಕೋಚ್ ವಿಡಿಯೋದಲ್ಲಿ ಬಂದರು. ಹೆಂಡತಿ ಫೋನ್ ಹಿಡಿದುಕೊಂಡಳು. ಅಳಿಯ ಅತ್ತೆಯ ಹತ್ತಿರ ಹೋಗಿ, "ಅತ್ತೇ, ನನ್ನ ಮರ್ಯಾದೆ ನಿಮ್ಮ ಕಾಲಲ್ಲಿದೆ. ಈಗೊಂದ್ಸಲ ಮೆಲ್ಲಗೆ..." ಎಂದು ಗೋಗರೆದ.

"ಮೆಲ್ಲಗೆ ಒದ್ರೆ ಮೋಸ ಆಗಲ್ವಾ ಅಳಿಯಂದ್ರೇ? ನಾನು ಬಟ್ಟೇಲೂ ಮೋಸ ಮಾಡ್ದೋಳಲ್ಲ" ಎಂದರು ಅತ್ತೆ.

ಒದ್ದದ್ದೆಲ್ಲ ಗೋಲು. ಬೆಂಚಪ್ಪ ಇಂಗು ತಿಂದ ಮಂಗನಂತೆ ನಿಂತ. ಕೋಚ್ ಪರದೆಗೆ ಮುಖ ಹತ್ತಿರ ತಂದು ಅತ್ತೆಯ ಕಾಲನ್ನೇ ದಿಟ್ಟಿಸಿದರು. ಆಮೇಲೆ, "ಆ ತಾಯಿ ಯಾರಪ್ಪ?" ಎಂದರು.

"ನಮ್ಮತ್ತೆ ಸಾರ್."

"ಫೋನ್ ಅವರ ಕೈಗೆ ಕೊಡು."

ಬೈಸಿಕೊಳ್ಳಲಿ ಎಂದು ಬೆಂಚಪ್ಪ ಒಳಗೊಳಗೇ ಖುಷಿಪಟ್ಟ. ಅತ್ತೆ ಮೆಟ್ಟಿಲಿನ ಮರೆಗೆ ಹೋಗಿ, "ಹೂಂ... ಹೂಂ... ಆಗ್ಲಿ ಸಾರ್" ಎಂದು ಏನೇನೋ ಮಾತಾಡಿ ಫೋನ್ ವಾಪಸು ಕೊಟ್ಟರು. ಕೋಚ್ ಅಳಿಯನಿಗೆ ಹೇಳಿದ್ದು ಇಷ್ಟೇ: "ಬೇಜಾರು ಮಾಡ್ಕೋಬೇಡ. ಮುಂದಿನ ವರ್ಷ ನೋಡೋಣ."

ಬೆಂಚಪ್ಪ ಒಡೆದ ಹೂಕುಂಡದ ಪಕ್ಕ ಕುಕ್ಕರಗಾಲಿನಲ್ಲಿ ಕೂತ. ಅಳು ಬಂತು. ಹೆಂಡತಿ ಭುಜದ ಮೇಲೆ ಕೈಯಿಟ್ಟು, "ಹೋಗ್ಲಿ ಬಿಡ್ರೀ" ಎಂದಳು. ಅಷ್ಟರಲ್ಲಿ ಫೋನ್ ಮತ್ತೆ ಬಡಿದುಕೊಂಡಿತು. ಆಚೆ ದಡದ ಕೋಚು!

"ಏನಪ್ಪಾ, ನೀನು ಮನುಷ್ಯನಾ ಹಕ್ಕಿನಾ? ನೋಡದೇನೇ ಹಾರಿ ತಲೇಲಿ ತಡೀತೀಯಲ್ಲ! ನಮ್ಮ ಕೀಪರ್ ಕ್ವಾರಂಟೈನ್ ಸೇರಿದಾನೆ. ಭಾನುವಾರ ನಮ್ಮ ಗೋಲು ಕಾಯ್ತೀಯಾ? ನಿಮ್ಮ ಕೋಚನ್ನ ಕೇಳಿದೆ, ಮಾತು ಮುಗಿಯೋಕೆ ಮುಂಚೆನೇ ಹೂಂ ಅಂದುಬಿಟ್ರು. ನಾಳೆ ಬೆಳಗ್ಗೆ ಬಾ, ಇಡೀ ಮೈದಾನ ಇದೆ, ಇಡೀ ತಂಡ ಇದೆ, ನಿನ್ನ ತಿದ್ದಿ ತೀಡಿ ರೆಡಿ ಮಾಡ್ತೀವಿ."

"ಬರ್ತೀನಿ ಸಾರ್!" ಬೆಂಚಪ್ಪ ಕೂಗಿದ ರಭಸಕ್ಕೆ ಬಾಲ್ಕನಿಗಳೆಲ್ಲ ಮತ್ತೆ ತುಂಬಿದವು. ಇಡೀ ಮೈದಾನ! ನಿಜವಾದ ಕಂಬ, ನಿಜವಾದ ಬಲೆ! ಅವನು ಹೆಂಡತಿಯ ಕೈ ಹಿಡಿದು ಒಂದು ಸುತ್ತು ಕುಣಿದ. ಎರಡನೇ ಸುತ್ತಿನ ನಡುವೆ ಗಕ್ಕನೆ ನಿಂತ.

"ಅಯ್ಯಯ್ಯೋ, ಗುಮಾಸ್ತರು!"

ಎದ್ದೆನೋ ಬಿದ್ದೆನೋ ಎಂದು ಓಡಿ ಕೆಳಮನೆಯ ಬಾಗಿಲು ಬಡಿದ. ಗುಮಾಸ್ತರು ಫೋನ್ ಇಡುತ್ತಾ ಬಾಗಿಲು ತೆರೆದರು. ಮಾಸ್ಕಿನ ಹೂಗಳ ಹಿಂದಿನಿಂದಲೂ ಅವರ ನಗು ಕಾಣುತ್ತಿತ್ತು.

"ಸಾರ್, ಆ ದೂರು ವಾಪಸ್ ತಗೊಳ್ಳಿ!"

"ವಾಪಸ್ಸಾ? ಗೆದ್ದೆವಪ್ಪ! ಬೆಳಗ್ಗಿಂದ ಬಿಡದೆ ಫೋನ್ ಮಾಡಿ ಮಾಡಿ ಲೀಗ್‌ನವರು ಸುಸ್ತು ಹೊಡೆದು ಒಪ್ಪಿದ್ರು. ಒಬ್ಬರಿಗೊಂದು ಇನ್ನೊಬ್ಬರಿಗೊಂದು ಇಲ್ಲ. ನಾಳೆಯಿಂದ ಎಲ್ಲ ಕ್ಲಬ್ಬಿಗೂ ಒಂದೇ ನಿಯಮ, ನಮ್ಮದು! ಆಚೆಯವರ ಮೈದಾನಕ್ಕೂ ಬೀಗ. ಅವರೂ ಮನೆಯವರ ಜೊತೆನೇ ಒದ್ದಾಡ್ಲಿ!"

ಬೆಂಚಪ್ಪ ಒಂದೊಂದೇ ಮೆಟ್ಟಿಲು ಹತ್ತಿ ಮನೆಗೆ ಬಂದ. ಅತ್ತೆ ಹೊಲಿಗೆ ಯಂತ್ರದ ಮುಂದೆ ಕೂತು ದಾರ ಪೋಣಿಸುತ್ತಿದ್ದರು. ಅವನು ಇಡೀ ಕತೆ ಹೇಳಿ, ಮುಖ ಸಣ್ಣಗೆ ಮಾಡಿಕೊಂಡು ಕೈಮುಗಿದ.

"ಭಾನುವಾರದ ತನಕ ನೀವೇ ಗತಿ ಅತ್ತೇ. ಎಷ್ಟು ಜೋರಾಗಾದ್ರೂ ಒದೀರಿ, ಬೇಜಾರಿಲ್ಲ. ನಾಳೆ ಬೆಳಗ್ಗೆ ಶುರು ಮಾಡೋಣ್ವಾ?"

ಅತ್ತೆ ಕನ್ನಡಕದ ಮೇಲಿಂದ ಅವನನ್ನು ನೋಡಿದರು. ಆ ನೋಟದಲ್ಲಿ ಕನಿಕರವಿತ್ತು.

"ಆಗಲ್ವಲ್ಲ ಅಳಿಯಂದ್ರೇ. ನಿಮ್ಮ ಹಳೇ ಕೋಚು ಆಗ ಫೋನಲ್ಲಿ ಕೇಳ್ಕೊಂಡ್ರು, ತಂಡದವರಿಗೆ ಪೆನಾಲ್ಟಿ ಒದೆಯೋದು ಹೇಳ್ಕೊಡಿ ಅಂತ, ವಿಡಿಯೋದಲ್ಲೇ. ನಾನು ಹೂಂ ಅಂದುಬಿಟ್ಟಿದೀನಿ. ನೀವು ಯಾವಾಗ ಯಾವ ಕಡೆ ಹಾರ್ತೀರಿ ಅನ್ನೋದೇ ನಾಳೆ ಮೊದಲ್ನೇ ಪಾಠ." ದಾರ ಪೋಣಿಸಿ ಗಂಟು ಹಾಕಿದರು. "ಈಗ ಎದುರು ತಂಡದವರ ಜೊತೆ ನಾನೇ ಅಭ್ಯಾಸ ಮಾಡಿದ್ರೆ, ನೀವೇ ಹೇಳಿ, ನ್ಯಾಯ ಆಗುತ್ತಾ?"

ಆಚೆ ದಡದಲ್ಲಿ ಕೊನೆಯ ಸಲ ಸೀಟಿ ಊದಿದರು. ಬೆಂಚಪ್ಪ ಕಿಟಕಿಯ ಕೆಳಗಿನ ಬೆಂಚಿನ ಮೇಲೆ ಮೆಲ್ಲಗೆ ಕೂತ. ಅದೊಂದಕ್ಕೆ ಅವನಿಗೆ ಅಭ್ಯಾಸ ಬೇಕಿರಲಿಲ್ಲ.