ರೆಕಾರ್ಡ್ ರೂಮಿನ ಜಿಗಿತ

ಬೀರುವಿನ ಮೇಲಿದ್ದ ಕಡತವನ್ನು ಸ್ಟೂಲಿಲ್ಲದೆ ಇಳಿಸಿದ್ದೇ ತಪ್ಪಾಯಿತು. ಅದು ಮ್ಯಾನೇಜರರ ಕಣ್ಣಿಗೆ ಬಿದ್ದು, ರೆಕಾರ್ಡ್ ರೂಮಿನ ಗುಮಾಸ್ತ ಅಂದೇ ಆಫೀಸಿನ ಬ್ಯಾಸ್ಕೆಟ್‌ಬಾಲ್ ತಂಡ ಸೇರಿದ. ಆರಡಿ ಮೂರಂಗುಲ ಎತ್ತರವೇನೋ ಇತ್ತು; ಮೈ ಮಾತ್ರ ಒಣಗಿದ ಹಲಗೆ. ಜಿಗಿದರೆ ಪಾದ ನೆಲ ಬಿಡುವ ಮೊದಲೇ ಮಂಡಿ ಲಟಕ್ಕೆನ್ನುತ್ತಿತ್ತು.

ತರಬೇತಿಯ ಹೊಣೆ ಟೈಪಿಸ್ಟಳದು. ಕಾಲೇಜು ತಂಡದಲ್ಲಿ ಆಡಿದವಳು. "ತೊಡೆ ಹಿಂದೆ ಪೂರ್ತಿ ಬಿಗಿದುಹೋಗಿದೆ ಸಾರ್. ಅದು ಸಡಿಲ ಆಗೋವರೆಗೂ ನೀವು ಮೇಲೇಳಲ್ಲ," ಎಂದು ಎಂಟು ವಾರ ಅವನ ಕೈಕಾಲು ಎಳೆಸಿದಳು, ಬಗ್ಗಿಸಿದಳು.

ಪಂದ್ಯದ ದಿನ ಬೆಳಿಗ್ಗೆ ಅವನು ಮಹಡಿ ಮೆಟ್ಟಿಲ ಕಂಬಿ ಕಟಾಂಜನದ ಮೇಲೆ ಹಿಮ್ಮಡಿ ಇಟ್ಟು ಬಗ್ಗಿದ್ದ. ಕೆಳಮನೆಯ ನಿವೃತ್ತ ಡ್ರಿಲ್ ಮೇಷ್ಟ್ರು ಹತ್ತಿ ಬಂದರು.

"ಇಷ್ಟೇನಾ? ಇನ್ನೂ ಬಗ್ಗಯ್ಯಾ!" ಎಂದು ಬೆನ್ನು ಅದುಮಿದರು.

"ಸ್ವಲ್ಪ ಎಡಕ್ಕೆ ಎಳೀರಿ ಮೇಷ್ಟ್ರೇ, ಸುಕ್ಕು ಹೋಗುತ್ತೆ," ಎಂದು ಎದುರುಮನೆಯ ದರ್ಜಿ ಭುಜಕ್ಕೆ ಕೈಹಾಕಿದ.

ಇಬ್ಬರ ಉಪಕಾರದಲ್ಲಿ ಕಾಲು ಜಾರಿ ಕಂಬಿಗಳ ಸಂದಿಯಲ್ಲಿ ಸಿಕ್ಕಿಕೊಂಡಿತು. ಹೆಂಡತಿ ಸೋಪುನೀರು ಸುರಿದು ಬಿಡಿಸಿದಳು.

"ಸೋತರೂ ಪರವಾಗಿಲ್ಲ ರೀ, ಎರಡು ಕಾಲೂ ವಾಪಸ್ ತನ್ನಿ," ಎಂದಳು.

ಸಂಜೆ ಅಂಗಣದಲ್ಲಿ ಎದುರಾಳಿ ತಂಡ ಒಂದು ಅಂಕ ಮುಂದಿತ್ತು. ಉಳಿದದ್ದು ಆರು ಸೆಕೆಂಡು. ಚೆಂಡು ಗುಮಾಸ್ತನ ಕೈಗೇ ಬಂತು.

"ಜಿಗೀರಿ ಸಾರ್!" ಟೈಪಿಸ್ಟಳ ಕೂಗು.

ಜಿಗಿದ. ಮಂಡಿ ಸದ್ದು ಮಾಡಲಿಲ್ಲ. ಬಿಗಿದ ಹಗ್ಗದಂತಿದ್ದ ತೊಡೆ ರಬ್ಬರಿನಂತೆ ಚಿಮ್ಮಿ, ಜನ್ಮದಲ್ಲಿ ಮೊದಲ ಬಾರಿಗೆ ಅವನ ಬೆರಳು ರಿಂಗಿಗೆ ತಾಗಿತು. ಚೆಂಡು ಬಲೆಯೊಳಗೆ! ಸೀಟಿ ಮೊಳಗಿತು. ಮ್ಯಾನೇಜರ್ ಕುಣಿದರು, ಆಟ ನೋಡಲು ಬಂದಿದ್ದ ಮೇಷ್ಟ್ರೂ ದರ್ಜಿಯೂ ಒಬ್ಬರನ್ನೊಬ್ಬರು ಅಪ್ಪಿಕೊಂಡರು, ಆಫೀಸಿಗೆ ಆಫೀಸೇ ಗುಮಾಸ್ತನನ್ನು ಹೆಗಲಿಗೇರಿಸಿತು. ರಾಜನಿಗೂ ಅಂಥ ಮೆರವಣಿಗೆ ಸಿಕ್ಕಿರಲಾರದು. ಅವನ ಕಣ್ಣು ತುಂಬಿತು.

ಗುಂಪನ್ನು ಸೀಳಿಕೊಂಡು ಬಂದ ಎದುರಾಳಿ ನಾಯಕ ಅವನ ಕಾಲನ್ನೇ ತಬ್ಬಿಕೊಂಡ. ಮುಖದಲ್ಲಿ ಸೋತವನ ಕಳೆಯೇ ಇಲ್ಲ.

"ನೂರು ವರ್ಷ ಬಾಳಿ ಸಾರ್! ಬದುಕಿಸಿಬಿಟ್ರಿ!"

"ಯಾಕ್ರೀ, ಏನಾಯ್ತು?"

"ನಾವೂ ಜೀವ ಬಿಟ್ಟು ಆಡಿದ್ವಿ, ನಮ್ಮ ಸಾಹೇಬ್ರು ನೋಡ್ತಿದ್ರಲ್ಲ. ಆದ್ರೆ ಗೆದ್ದೋರು ನಾಳೆ ಅಗ್ನಿಶಾಮಕ ದಳದ ಜೊತೆ ಆಡ್ಬೇಕು! ಆ ತಂಡದಲ್ಲಿ ನಿಮ್ಮಷ್ಟು ಎತ್ತರದವನೊಬ್ಬ ಇದ್ದಾನೆ ಸಾರ್. ಅವನನ್ನ ಎಲ್ಲರೂ ಕುಳ್ಳ ಅಂತಾರೆ."

"ಇಳಿಸ್ರೋ," ಎಂದ ಗುಮಾಸ್ತ, ಮೆಲ್ಲಗೆ.

ಜಯಕಾರದ ಅಬ್ಬರದಲ್ಲಿ ಯಾರಿಗೂ ಕೇಳಿಸಲಿಲ್ಲ.