ಮೀಸೆ ಕೇಳಿದ ಫೋನು

ಮೀಸೆ ಹೋದದ್ದು ಬೆಳಿಗ್ಗೆ ಏಳೂಕಾಲಿಗೆ. ಅದರಲ್ಲಿ ಟೈಲರನ ತಪ್ಪು ಕಾಲುಭಾಗ, ಫೋನಿನದು ಮುಕ್ಕಾಲು.

ಆತ ಕನ್ನಡಿಯ ಮುಂದೆ ಉಸಿರು ಬಿಗಿಹಿಡಿದು ನಿಂತು, ಮೀಸೆಯ ಬಲತುದಿಯಲ್ಲಿ ಸಾಲು ತಪ್ಪಿದ್ದ ಒಂದೇ ಒಂದು ಕೂದಲನ್ನು ಕತ್ತರಿಯ ಬಾಯಿಗೆ ಕೊಡುತ್ತಿದ್ದ. ಆಗಲೇ ಜೇಬಿನೊಳಗಿನ ಫೋನು ಹೆಣ್ಣುದನಿಯಲ್ಲಿ, "ನೀರು ಕುಡಿಯಿರಿ! ಆರೋಗ್ಯವೇ ಭಾಗ್ಯ!" ಎಂದು ಕೂಗಿತು. ಕೈ ಬೆಚ್ಚಿತು. ಅರ್ಧ ಮೀಸೆ ಬೇಸಿನ್ನಿಗೆ ಬಿತ್ತು.

ಆ ನೀರಿನ ಆ್ಯಪನ್ನು ಹಾಕಿಕೊಟ್ಟವಳು ಅಂಗಡಿಯ ಮಹಡಿಯ ಮೇಲಿನ ಮನೆಯ ಅಕ್ಕ. "ಮಿಷನ್ ಮುಂದೆ ಕೂತ್ರೆ ನಿಮಗೆ ನೀರಿನ ನೆನಪೇ ಇರಲ್ಲ" ಎಂದು ಅಕ್ಕರೆಯಿಂದಲೇ ಹಾಕಿದ್ದಳು. ಗಂಟೆಗೊಮ್ಮೆ ಅದು ಕೂಗುತ್ತಿತ್ತು. ತೆಗೆಸಿಬಿಟ್ಟರೆ ಆಕೆಗೆ ಬೇಜಾರಾದೀತೆಂದು ಟೈಲರು ಸುಮ್ಮನಿದ್ದ.

ಉಳಿದ ಅರ್ಧ ಮೀಸೆ ಒಂದೇ ತೋಳಿರುವ ಅಂಗಿಯ ಹಾಗೆ ಕಾಣುತ್ತಿತ್ತು. ಬೇರೆ ದಾರಿಯಿರಲಿಲ್ಲ. ಅದನ್ನೂ ಬೋಳಿಸಿ ಹೊರಗೆ ಬಂದ.

ಹೆಂಡತಿ ತಲೆಯೆತ್ತಿ, "ಯಾರು ಬೇಕಾಗಿತ್ತು?" ಎಂದಳು. ಮರುಕ್ಷಣ, "ಅಯ್ಯೋ, ನೀವಾ!" ಎಂದು ಕೈಯಲ್ಲಿದ್ದ ಪಾತ್ರೆಯನ್ನು ಕೆಳಗಿಟ್ಟಳು. ನಗು ಬಂದರೂ ನಗಲಿಲ್ಲ. "ಬೆಳೆಯುತ್ತೆ ಬಿಡಿ, ಹುಲ್ಲಿನ ಹಾಗೆ" ಎಂದಳು.

ಹೆಂಡತಿಗೆ ಗುರುತು ಸಿಕ್ಕಲು ಒಂದು ಗಳಿಗೆ ಹಿಡಿಯಿತು. ಫೋನಿಗೆ ಅಷ್ಟು ದೊಡ್ಡ ಮನಸ್ಸಿರಲಿಲ್ಲ.

ಬೀದಿಯಲ್ಲಿ ಅವನನ್ನು ಕರೆಯುತ್ತಿದ್ದುದೇ ಮೀಸೆ ಟೈಲರ್ ಎಂದು. ಎದುರು ಅಂಗಡಿಯಲ್ಲಿ ಅವನ ಅಣ್ಣ, ಅವನೂ ಟೈಲರೇ. ಜನ ಅವನಿಗೆ ಎದುರುಮೀಸೆ ಎನ್ನುತ್ತಿದ್ದರು. ಅಪ್ಪ ಬಿಟ್ಟುಹೋದ ಆಸ್ತಿ ಎರಡೇ: ಒಂದು ದೊಡ್ಡ ಕತ್ತರಿ, ಒಂದು ನಮೂನೆಯ ಮೀಸೆ. ಮೀಸೆ ಇಬ್ಬರಿಗೂ ಬಂತು. ಕತ್ತರಿ ಒಂದೇ ಇದ್ದದ್ದರಿಂದ ಜಗಳವಾಯಿತು. ಅಣ್ಣ ಅದನ್ನು ಎತ್ತಿಕೊಂಡು ಎದುರಿಗೆ ಅಂಗಡಿ ಹಾಕಿದ. ಅಂದಿನಿಂದ ಒಂಬತ್ತು ವರ್ಷ, ಹನ್ನೆರಡು ಹೆಜ್ಜೆ ಅಗಲದ ಬೀದಿಯ ಆಚೀಚೆ ಕೂತು, ಒಬ್ಬರಿಗೊಬ್ಬರು ಮಾತಿಲ್ಲದೆ ಹೊಲಿದರು.

ಒಂಬತ್ತು ಗಂಟೆಗೆ ಟೈಲರು ಅಂಗಡಿ ತೆರೆದು, ಮೇಜಿನ ಮೇಲೆ ಬೂದುಬಣ್ಣದ ಬಟ್ಟೆಯನ್ನು ಹರಡಿದ. ಅದು ಅಂಚೆಯಣ್ಣನ ಕೋಟಿನ ಬಟ್ಟೆ. ಮೂವತ್ತನಾಲ್ಕು ವರ್ಷ ಆ ಬೀದಿಗೆ ಕಾಗದ ತಂದುಕೊಟ್ಟ ಅಂಚೆಯಣ್ಣ ಮಾರನೆಯ ದಿನ ನಿವೃತ್ತನಾಗುತ್ತಿದ್ದ. ಬೀದಿಯವರೆಲ್ಲ ಸೇರಿ ಅವನಿಗೆ ಗೊತ್ತಾಗದ ಹಾಗೆ ಒಂದು ಕೋಟು ಹೊಲಿಸಲು ಗೊತ್ತುಮಾಡಿದ್ದರು.

ಅಳತೆ ತೆಗೆಯಲು ಟೈಲರು ಉಪಾಯ ಮಾಡಿದ್ದ. ಕಾಗದ ಕೊಡಲು ಬಂದವನನ್ನು ತಡೆದು, "ಸ್ವಲ್ಪ ನಿಂತ್ಕೊಳ್ಳಿ. ನಿಮ್ಮಷ್ಟೇ ಎತ್ತರದ ಗಿರಾಕಿ ಒಬ್ಬರಿದ್ದಾರೆ, ಅವರಿಗೆ ಬರೋಕಾಗಲ್ಲ" ಎಂದಿದ್ದ. ಅಂಚೆಯಣ್ಣ ಚೀಲ ಇಳಿಸಿ, ಮಗುವಿನ ಹಾಗೆ ಕೈ ಅಗಲಿಸಿ ನಿಂತಿದ್ದ. "ಅವರ ಭುಜ ನನ್ನ ಹಾಗೆ ಸೊಟ್ಟ ಇರಲಿಕ್ಕಿಲ್ಲ, ನೋಡ್ಕೊಳ್ಳಿ" ಎಂದೂ ಹೇಳಿದ್ದ. ಚೀಲ ಹೊತ್ತು ಹೊತ್ತು ಅವನ ಎಡಭುಜ ಎರಡು ಬೆರಳಿನಷ್ಟು ಇಳಿದಿತ್ತು. ಸಿದ್ಧ ಉಡುಪು ಯಾವುದೂ ಅವನ ಮೈಗೆ ಸರಿಯಾಗಿ ಕೂತದ್ದಿಲ್ಲ. ಈ ಕೋಟು ಕೂರಬೇಕು ಎಂದು ಟೈಲರು ಮನಸ್ಸಿನಲ್ಲೇ ಮಾತು ಕೊಟ್ಟುಕೊಂಡಿದ್ದ.

ಆ ಅಳತೆ ಇದ್ದದ್ದು ಫೋನಿನಲ್ಲಿ. ಟೈಲರು ಫೋನನ್ನು ಮುಖದ ಎದುರು ಹಿಡಿದ.

"ಮುಖ ಗುರುತಾಗಲಿಲ್ಲ" ಎಂದಿತು ಫೋನು.

ಕನ್ನಡಕ ಒರೆಸಿ ಹಿಡಿದ. ತಲೆ ಬಾಚಿ ಹಿಡಿದ. ನಕ್ಕು ಹಿಡಿದ. ಫೋನು, ಸಾಲ ಕೇಳಲು ಬಂದ ನೆಂಟನನ್ನು ನೋಡುವ ಹಾಗೆ ನೋಡಿತು.

ಹದಿನೈದು ದಿನದ ಹಿಂದೆ ಈ ಫೋನು ತಂದುಕೊಟ್ಟವಳು ಮಗಳು. "ಅಪ್ಪ, ಆ ಅಳತೆ ಪುಸ್ತಕಾನ ಇಲಿ ತಿಂದ್ರೆ ಏನ್ಮಾಡ್ತೀಯ? ಎಲ್ಲಾ ಹಾಳೆದೂ ಫೋಟೋ ತೆಗೆದಿಟ್ಕೊ" ಎಂದಿದ್ದಳು. ಮಗಳ ಮಾತು ಸರಿ ಎನಿಸಿತು. ಆತ ಒಂದೊಂದೇ ಹಾಳೆಯ ಫೋಟೋ ತೆಗೆದು, ಪುಸ್ತಕವನ್ನು ಹಳೇ ಪೇಪರಿನವನಿಗೆ ಹಾಕಿಬಿಟ್ಟ. ಬೀಗದ ನಂಬರನ್ನೂ ಇಟ್ಟುಕೊಳ್ಳಬೇಕೆಂದು ಮಗಳು ಹೇಳಿದ್ದಳು. "ಯಾರಿಗೂ ಹೊಳೀಬಾರದು, ಅಂಥ ನಂಬರ್ ಹಾಕು. ಮರೀತೀಯ, ಎಲ್ಲಾದ್ರೂ ಬರೆದಿಡು." ಯಾರಿಗೂ ಹೊಳೆಯದಂಥ ನಾಲ್ಕು ಅಂಕಿಗಳನ್ನು ಆತ ಹಾಕಿದ. ಮರೆಯಬಾರದೆಂದು ಅಳತೆ ಪುಸ್ತಕದ ಹಿಂದಿನ ರಟ್ಟಿನ ಮೇಲೆ ಬರೆದಿಟ್ಟ. ರಟ್ಟಿನ ಫೋಟೋ ತೆಗೆಯಲಿಲ್ಲ.

ಈ ಕತೆ, ಎದುರು ಅಂಗಡಿಯೊಂದನ್ನು ಬಿಟ್ಟು, ಬೀದಿಯ ತುಂಬ ಹರಡಲು ಹತ್ತು ನಿಮಿಷ ಸಾಕಾಯಿತು.

ಮೊದಲು ಬಂದವರು ಪಕ್ಕದ ಔಷಧಿ ಅಂಗಡಿಯವರು. ಜೇಬಿನಿಂದ ತಮ್ಮ ಹಳೆಯ ಗುಂಡಿ ಫೋನು ತೆಗೆದು ಎಲ್ಲರಿಗೂ ತೋರಿಸಿದರು. "ನೋಡಿ, ಇದಕ್ಕೆ ಮುಖ ಬೇಡ, ಮೀಸೆ ಬೇಡ. ಒತ್ತಿದ್ರೆ ಹತ್ತುತ್ತೆ, ಬಿದ್ರೆ ಪುಟಿಯುತ್ತೆ. ಅಂಚೆಯಣ್ಣನ್ನೇ ಇನ್ನೊಂದ್ಸಲ ಅಳೆದ್ರಾಯ್ತಲ್ಲ?"

"ಪಿಂಚಣಿ ಕಾಗದಕ್ಕೆ ಅಂತ ದೊಡ್ಡ ಕಚೇರಿಗೆ ಹೋಗಿದ್ದಾರೆ. ನಾಳೆ ಬೆಳಿಗ್ಗೆ ಬಸ್ಸಿಳಿದು ನೇರ ಸಮಾರಂಭಕ್ಕೇ ಬರೋದು."

"ಮನೇಲಿ ಹಳೇ ಅಂಗಿ?"

"ಒಂಟಿ ಜೀವ. ಮನೆಗೆ ಬೀಗ."

"ನಿಮ್ಮ ಫೋನಿಗೂ ಬೀಗ" ಎಂದು ಅವರು ನಿಟ್ಟುಸಿರಿಟ್ಟು, ಮಗಳಿಗೆ ತಮ್ಮ ಫೋನಿನಿಂದಲೇ ಕರೆ ಮಾಡಿಕೊಟ್ಟರು.

"ಅಪ್ಪ, ಫೋನಂಗಡಿಯವ್ರು ತೆಗೆದುಕೊಡ್ತಾರೆ, ಆದ್ರೆ ಒಳಗಿರೋದೆಲ್ಲ ಹೋಗುತ್ತೆ" ಎಂದಳು ಮಗಳು. "ಮತ್ತೆ ಹತ್ತು ಸಲ ತಪ್ಪು ನಂಬರ್ ಒತ್ತಬೇಡ. ತಾನಾಗೇ ಅಳಿಸ್ಕೊಳ್ಳೋ ಹಾಗೆ ಮಾಡಿದೀನಿ. ನಿನ್ನ ಒಳ್ಳೇದಕ್ಕೇ."

ಆ ಮಾತು ಮುಗಿಯುವಷ್ಟರಲ್ಲಿ ಲೆಕ್ಕದ ಮೇಷ್ಟ್ರು ಟೈಲರನ ಫೋನು ಕೈಗೆತ್ತಿಕೊಂಡಾಗಿತ್ತು. ನಿವೃತ್ತರಾಗಿ ಆರು ವರ್ಷವಾದ ಮೇಲೆ ಅವರಿಗೆ ಸಿಕ್ಕ ಮೊದಲ ಲೆಕ್ಕ ಇದು. "ಒಟ್ಟು ಹತ್ತು ಸಾವಿರ ಸಾಧ್ಯತೆ. ಆದರೆ ಮನುಷ್ಯನ ಮನಸ್ಸಿಗೆ ಒಂದು ಕ್ರಮ ಇರುತ್ತಪ್ಪ" ಎಂದು ಟೈಲರನ ಮದುವೆಯ ವರ್ಷ, ಮಗಳು ಹುಟ್ಟಿದ ವರ್ಷ, ಅಂಗಡಿ ತೆರೆದ ವರ್ಷ ಮೂರನ್ನೂ ಒತ್ತಿದರು. ಕ್ರಮ ಸಿಗಲಿಲ್ಲ. ಔಷಧಿ ಅಂಗಡಿಯವರು, ನನ್ನದೂ ಒಂದಿರಲಿ ಎಂದು ಎರಡು ಒತ್ತಿದರು. ಟೈಲರು ಬೇಡ ಎನ್ನುವ ಮೊದಲೇ ಐದು ಖರ್ಚಾಗಿತ್ತು.

ಮಹಡಿಯ ಅಕ್ಕ ಇಳಿದು ಬಂದವಳು, ಅಂಗಡಿಯ ಬಾಗಿಲಲ್ಲೇ ನಿಂತು ಕೆನ್ನೆಗೆ ಕೈಹಚ್ಚಿದಳು. "ನನ್ನ ಫೋನು ನಾನು ಅತ್ತು ಮುಖ ಊದಿಸ್ಕೊಂಡ್ರೂ ಗುರುತು ಹಿಡಿಯುತ್ತೆ. ನಿಮ್ಮದು ಯಾಕೋ ಮೊಂಡು. ಬನ್ನಿ, ಅದಕ್ಕೆ ಮೀಸೆ ತಾನೇ ಬೇಕು? ಕೊಡೋಣ."

ಮೊದಲು ಕಪ್ಪು ದಾರದ ಮೀಸೆ ಮಾಡಿ, ಗಾಯಕ್ಕೆ ಹಚ್ಚುವ ಪಟ್ಟಿಯಿಂದ ಅಂಟಿಸಿದರು. ಟೈಲರು ಉಸಿರು ಬಿಟ್ಟಾಗಲೆಲ್ಲ ಅದು ಹಾರಾಡಿತು. ಆಮೇಲೆ ಅಕ್ಕ ತನ್ನ ಕಾಡಿಗೆ ತಂದು ಬರೆದಳು. ಬಲಗಡೆ ಸ್ವಲ್ಪ ಹೆಚ್ಚಾಯಿತು. ಸರಿದೂಗಿಸಲು ಎಡಗಡೆ ಹೆಚ್ಚಿಸಿದಳು. ಹಾಗೆ ಹೆಚ್ಚುತ್ತ ಹೆಚ್ಚುತ್ತ ಮೀಸೆ ಕಿವಿಯ ಹತ್ತಿರ ಹೋಯಿತು.

"ಹೆಚ್ಚು ಬೆಳಕಿರುವ ಕಡೆ ಬನ್ನಿ" ಎಂದಿತು ಫೋನು.

ಬೆಳಕಿದ್ದದ್ದು ಬೀದಿಯ ನಡುವೆ. ಅವನನ್ನು ಅಲ್ಲಿಗೆ ನಡೆಸಿಕೊಂಡು ಹೋದರು. ನಡುಮಧ್ಯಾಹ್ನದ ಬಿಸಿಲಲ್ಲಿ ಟೈಲರು ಫೋನನ್ನು ಎತ್ತಿ ಹಿಡಿದು, ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಮುಖ ತಿರುಗಿಸುತ್ತ ನಿಂತ. ಸ್ಕೂಟರಿನವನೊಬ್ಬ ನಿಲ್ಲಿಸಿ ನೋಡಿದ. ಶಾಲೆಯಿಂದ ಬರುತ್ತಿದ್ದ ಮಕ್ಕಳು ಸುತ್ತ ನೆರೆದವು. ಬೆವರಿಗೆ ಕಾಡಿಗೆ ಇಳಿದು ಗದ್ದದ ತನಕ ಬಂತು. ಫೋನು, "ನೀರು ಕುಡಿಯಿರಿ! ಆರೋಗ್ಯವೇ ಭಾಗ್ಯ!" ಎಂದಿತು. ಬೀದಿಗೆ ಬೀದಿಯೇ ನಕ್ಕಿತು.

ಎದುರು ಅಂಗಡಿಯಲ್ಲಿ ಹೊಲಿಗೆ ಯಂತ್ರದ ಸದ್ದು ನಿಂತದ್ದು ಟೈಲರನಿಗೆ ಕೇಳಿಸಿತು. ಅಣ್ಣ ಬಾಗಿಲಿಗೆ ಬಂದು ನೋಡುತ್ತಿದ್ದ. ನಗಲಿ, ಒಂಬತ್ತು ವರ್ಷದ ನಗುವನ್ನು ಒಟ್ಟಿಗೇ ನಗಲಿ ಎಂದುಕೊಂಡು ಟೈಲರು ತಲೆ ತಗ್ಗಿಸಿದ. ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎಂದು ಹೇಳಿಕೊಳ್ಳಲಿಕ್ಕಾದರೂ ಮೀಸೆ ಇರಬೇಕಲ್ಲ!

ಅಷ್ಟರಲ್ಲಿ ಮೇಷ್ಟ್ರು ಮನೆಗೆ ಹೋಗಿ, ಹೊಸದಾಗಿ ಲೆಕ್ಕ ಹಾಕಿಕೊಂಡು ಬಂದಿದ್ದರು. ಎಲ್ಲರೂ ಅಂಗಡಿಗೆ ಮರಳಿ ಫೋನನ್ನು ಮೇಜಿನ ಮೇಲಿಟ್ಟದ್ದೇ ತಡ, ಇನ್ನೂ ನಾಲ್ಕು ನಂಬರು ಒತ್ತಿಬಿಟ್ಟರು. "ಇನ್ನೊಂದು ಸಲ ತಪ್ಪಾದರೆ ಎಲ್ಲವೂ ಅಳಿಸಿಹೋಗುತ್ತದೆ" ಎಂಬ ಸಾಲು ಮೂಡಿತು. ಮೇಷ್ಟ್ರು ಫೋನನ್ನು ಬಿಸಿ ಪಾತ್ರೆಯ ಹಾಗೆ ಮೇಜಿನ ಮೇಲಿಟ್ಟು, "ನನಗೆ ಸ್ವಲ್ಪ ಕೆಲಸ ಇದೆ" ಎಂದು ಹೊರಟುಹೋದರು.

ಕೊನೆಗೆ ಬೀದಿಯ ತುದಿಯಿಂದ ಫೋನ್ ರಿಪೇರಿ ಮಾಡುವಾಕೆಯನ್ನು ಕರೆತಂದರು. ಆಕೆ ಫೋನನ್ನು ತಿರುಗಿಸಿ ನೋಡಿದಳು, ಟೈಲರನ ಮುಖವನ್ನೂ ತಿರುಗಿಸಿ ನೋಡಿದಳು.

"ನಂಬರಿನ ತಂಟೆಗೆ ಇನ್ನು ಹೋಗ್ಬೇಡಿ. ಮುಖ ಸಿಕ್ಕಿದ್ರೆ ಈಗ್ಲೂ ತೆಗೆಯುತ್ತೆ. ಇದು ಸಾದಾ ಫೋನು, ಇದಕ್ಕೆ ಅಷ್ಟೊಂದು ಸೂಕ್ಷ್ಮ ಗೊತ್ತಾಗಲ್ಲ. ಕನ್ನಡಕ, ಮೂಗು, ಮೀಸೆ ಒಂದೇ ಥರ ಇದ್ರೆ ಸಾಕು. ನನ್ನ ಫೋನನ್ನ ನನ್ನ ತಂಗಿ ಹೀಗೇ ತೆಗೀತಾಳೆ. ನಿಮ್ಮ ಹಾಗೇ ಇರೋರು ಯಾರಾದ್ರೂ ಇದ್ರೆ ಕರ್ಕೊಂಡು ಬನ್ನಿ. ಒಂದು ನಿಮಿಷದ ಕೆಲಸ."

ಅಂಗಡಿಯಲ್ಲಿದ್ದ ಕತ್ತುಗಳೆಲ್ಲ ಒಂದೇ ಸಲ ಎದುರು ಅಂಗಡಿಯ ಕಡೆ ತಿರುಗಿದವು.

"ಸತ್ರೂ ಇಲ್ಲ" ಎಂದ ಟೈಲರು.

"ಅಂಚೆಯಣ್ಣನಿಗೋಸ್ಕರ..." ಎಂದು ಔಷಧಿ ಅಂಗಡಿಯವರು ಬಾಯಿ ತೆಗೆದರು.

"ಕತ್ತರಿ ಕಿತ್ಕೊಂಡು ಹೋದವನ ಹತ್ರ ಮುಖ ಬೇಡೋಕೆ ಹೋಗ್ಲಾ? ಇಲ್ಲ."

ಆಗ ಗಂಟೆ ಒಂದೂವರೆ. ಒಬ್ಬೊಬ್ಬರಾಗಿ ಎಲ್ಲರೂ ಊಟಕ್ಕೆ ಎದ್ದರು. ಎದುರು ಅಂಗಡಿಯ ಶಟರು ಅರ್ಧಕ್ಕೆ ಇಳಿದದ್ದನ್ನು ಟೈಲರು ನೋಡಿದ. ಒಳಗೆ ಕೂತು ಹೊಟ್ಟೆ ಹಿಡಿದು ನಗುತ್ತಿರಬೇಕು ಎಂದುಕೊಂಡ.

ಎರಡು ಗಂಟೆಗೆ ಸೀಮೆಸುಣ್ಣ ಹಿಡಿದು, ಅಂಚೆಯಣ್ಣ ಕೈ ಅಗಲಿಸಿ ನಿಂತ ರೀತಿಯನ್ನು ಕಣ್ಣಿಗೆ ತಂದುಕೊಂಡ. ಮುಖ ಬಂತು, ನಗು ಬಂತು, ಇಳಿದ ಭುಜವೂ ಬಂತು. ಅಂಗುಲ ಮಾತ್ರ ಬರಲಿಲ್ಲ. ಇದ್ದದ್ದು ಒಂದೇ ತುಂಡು ಬಟ್ಟೆ. ಮೂರು ಗಂಟೆಗೆ ಕತ್ತರಿಯನ್ನು ಬಟ್ಟೆಯ ಅಂಚಿಗೆ ಒಯ್ದ. ಬೆಳಗಿನ ಬೇಸಿನ್ನು ನೆನಪಾಯಿತು. ಕತ್ತರಿ ಕೆಳಗಿಟ್ಟ. ನಾಳೆ ಎಲ್ಲರೂ ಚಪ್ಪಾಳೆ ತಟ್ಟಲು ನಿಂತಾಗ ತಾನು ಈ ಮಡಚಿದ ಬಟ್ಟೆಯನ್ನು ಕೊಟ್ಟು ಏನು ಹೇಳುವುದು? ಫೋನಿಗೆ ನನ್ನ ಪರಿಚಯವಾಗಲಿಲ್ಲ ಎಂದೇ?

ನಾಲ್ಕಕ್ಕೆ ಮಹಡಿಯ ಅಕ್ಕ ಮತ್ತೆ ಇಳಿದು ಬಂದಳು. ಅಂಗೈಯಷ್ಟು ದೊಡ್ಡ ಬಿಳಿ ಕರವಸ್ತ್ರವನ್ನು ಮೇಜಿನ ಮೇಲಿಟ್ಟಳು. ಮೂಲೆಯಲ್ಲಿ ನೀಲಿ ದಾರದಿಂದ ಒಂದು ಪುಟ್ಟ ಲಕೋಟೆ ಕಸೂತಿ ಮಾಡಿದ್ದಳು.

"ಕೋಟಿನ ಜೇಬಿಗೆ ಅಂತ ವಾರದಿಂದ ಹಾಕ್ತಿದ್ದೆ. ಮುಗೀತು" ಎಂದಳು. ಬಟ್ಟೆ ಇನ್ನೂ ಹಾಗೇ ಬಿದ್ದದ್ದನ್ನು ನೋಡಿದರೂ ಅದರ ಮಾತೆತ್ತಲಿಲ್ಲ. ಮೆಟ್ಟಿಲ ಹತ್ತಿರ ನಿಂತು, "ಅವರೇನು ಹುಲಿನಾ? ನಿಮ್ಮ ಅಣ್ಣ ತಾನೇ" ಎಂದಷ್ಟೇ ಹೇಳಿ ಹತ್ತಿಹೋದಳು.

ಟೈಲರು ಆ ಪುಟ್ಟ ಲಕೋಟೆಯನ್ನು ಬಹಳ ಹೊತ್ತು ನೋಡಿದ. ಆಮೇಲೆ ಒದ್ದೆ ಬಟ್ಟೆಯಿಂದ ಮುಖದ ಕಾಡಿಗೆ ತಿಕ್ಕಿದ. ಅದು ಹೋಗದೆ ಮುಖಕ್ಕೆಲ್ಲ ಸಮನಾಗಿ ಹಂಚಿಕೊಂಡಿತು. ಫೋನು ಹಿಡಿದು ಬೀದಿಗಿಳಿದ.

ಹನ್ನೆರಡು ಹೆಜ್ಜೆ. ನಾಲ್ಕನೆಯ ಹೆಜ್ಜೆಗೆ, ಹೇಗಿದ್ದೀಯ ಎಂದು ಶುರುಮಾಡಬೇಕು ಎಂದುಕೊಂಡ. ಎಂಟನೆಯದಕ್ಕೆ, ಅದು ಸರಿಯಲ್ಲ, ಕತ್ತರಿ ನೀನೇ ಇಟ್ಕೊ ಎಂದುಬಿಡಬೇಕು ಎನಿಸಿತು. ಹನ್ನೆರಡನೆಯದಕ್ಕೆ ಎಲ್ಲವೂ ಮರೆತುಹೋಯಿತು. ಅರ್ಧ ಇಳಿದ ಶಟರಿನಡಿ ತಲೆ ಬಗ್ಗಿಸಿ ಒಳಗೆ ಹೋದ. ಅಣ್ಣ ಬೆನ್ನು ಹಾಕಿ ಕೂತಿದ್ದ. ಬೀದಿಯ ಕ್ಷೌರಿಕ ಮೂಲೆಯಲ್ಲಿ ನಿಂತು ಏನನ್ನೋ ಒರೆಸುತ್ತಿದ್ದ.

"ಅಣ್ಣ" ಎಂದ ಟೈಲರು. ಒಂಬತ್ತು ವರ್ಷದ ಮೇಲೆ ಆ ಪದ ಸ್ವಲ್ಪ ತುಕ್ಕು ಹಿಡಿದಂತೆ ಹೊರಬಂತು. "ನಿನ್ನ ಮುಖ ಬೇಕಾಗಿತ್ತು."

ಅಣ್ಣ ತಿರುಗಿದ. ಕೊರಳಲ್ಲಿ ಕ್ಷೌರದ ಬಟ್ಟೆ. ಮೂಗಿನ ಕೆಳಗೆ, ಬಿಸಿಲು ಕಾಣದ ಚರ್ಮ, ಗೋಡೆಯಿಂದ ಹಳೆಯ ಪಟ ತೆಗೆದ ಜಾಗದ ಹಾಗೆ ಬೆಳ್ಳಗೆ ಹೊಳೆಯುತ್ತಿತ್ತು.

"ಬೇಡ ಬೇಡ ಅಂತ ಎರಡು ಗಂಟೆ ಹೊತ್ತು ಹೇಳಿದೆ" ಎಂದ ಕ್ಷೌರಿಕ. "ಕೇಳಲಿಲ್ಲ. ಈಗ ಮುಗಿಸಿ ಐದು ನಿಮಿಷ ಆಗಿಲ್ಲ."

"ಮತ್ತೇನೋ ಮಾಡ್ಲಿ?" ಎಂದ ಅಣ್ಣ. ಅವನ ದನಿಯೂ ತುಕ್ಕು ಹಿಡಿದಿತ್ತು. "ನಡುಬೀದೀಲಿ ನಿಲ್ಲಿಸ್ಕೊಂಡು ಎಲ್ಲಾ ನಿನ್ನ ಮುಖ ನೋಡಿ ನಗ್ತಾ ಇದ್ರು. ನಂಗೆ ನೋಡೋಕಾಗ್ಲಿಲ್ಲ ಕಣೋ. ಅಪ್ಪನ ಮೀಸೆ ನಿನಗಿಲ್ಲದ ಮೇಲೆ ನಂಗೊಬ್ಬನಿಗೇ ಯಾಕೆ? ನಾಳೆ ನಗೋರು ಇಬ್ರನ್ನೂ ನೋಡಿ ನಗ್ಲಿ. ಅರ್ಧರ್ಧ ಆದ್ರೆ ಹಗುರ."

ಟೈಲರು ಫೋನನ್ನು ಮೆಲ್ಲಗೆ ಅಣ್ಣನ ಮುಖದ ಎದುರು ಹಿಡಿದ.

"ಮುಖ ಗುರುತಾಗಲಿಲ್ಲ."

ಟೈಲರು ಎದುರಿನ ಸ್ಟೂಲಿನ ಮೇಲೆ ಕುಸಿದು ಕೂತು, ನಡೆದದ್ದನ್ನೆಲ್ಲ ಹೇಳಿದ. ಅಣ್ಣ ಕೇಳುತ್ತ ಕೇಳುತ್ತ ತನ್ನ ಬೋಳು ಮೇಲ್ದುಟಿಯನ್ನು ಬೆರಳಿನಿಂದ ಮುಟ್ಟಿಕೊಂಡ. ಬೆಳಿಗ್ಗೆಯೇ ಬರಬಾರದಿತ್ತೇ ಎಂದು ಅವನು ಕೇಳಲಿಲ್ಲ. ಎದ್ದು ಹೋಗಿ, ಮೇಜಿನ ಖಾನೆಯಿಂದ ಎಣ್ಣೆಬಟ್ಟೆಯಲ್ಲಿ ಸುತ್ತಿದ್ದ ಅಪ್ಪನ ದೊಡ್ಡ ಕತ್ತರಿಯನ್ನು ತಂದು ತಮ್ಮನ ತೊಡೆಯ ಮೇಲಿಟ್ಟ.

"ತಗೋ. ಕೋಟಿನ ಬಟ್ಟೆಗೆ ಇದೇ ಸರಿ."

ಒಂಬತ್ತು ವರ್ಷ ಕನಸಿನಲ್ಲೂ ಕೇಳಿದ ಕತ್ತರಿ. ಟೈಲರು ಅದರ ಹಿಡಿಗೆ ಬೆರಳು ತೂರಿಸಿದ. ತಣ್ಣಗಿತ್ತು, ಹರಿತವಾಗಿತ್ತು. ಒಂದೇ ಒಂದು ಅಳತೆ ಗೊತ್ತಿದ್ದರೆ ಬೆಣ್ಣೆಯ ಹಾಗೆ ಕತ್ತರಿಸುತ್ತಿತ್ತು.

"ಎಷ್ಟು ದಿನಕ್ಕೆ ಬೆಳೆಯುತ್ತೆ?" ಎಂದು ಅಣ್ಣ ಕ್ಷೌರಿಕನನ್ನು ಕೇಳಿದ.

"ಇಬ್ರಿಗೂ ಮೂರು ವಾರ" ಎಂದ ಕ್ಷೌರಿಕ, ತನ್ನ ಪೆಟ್ಟಿಗೆ ಮುಚ್ಚುತ್ತ.

ಟೈಲರು ಕತ್ತರಿಯನ್ನೂ ಫೋನನ್ನೂ ಮೇಜಿನ ಮೇಲಿಟ್ಟ. ಕತ್ತರಿಯ ಪಕ್ಕದಲ್ಲಿದ್ದ ಫೋನು ಬೆಳಗಿತು.

"ನೀರು ಕುಡಿಯಿರಿ! ಆರೋಗ್ಯವೇ ಭಾಗ್ಯ!"

ಅಣ್ಣ ತನ್ನ ಲೋಟವನ್ನು ತಮ್ಮನ ಕಡೆ ಸರಿಸಿದ. ಟೈಲರು ಕುಡಿದ.