ಮುನಿರಾಜಣ್ಣನ ಕೊಟ್ಟಿಗೆಯ ಅಂಬಾಸಿಡರ್

ಬೇಕು ಎನ್ನಲೂ ಬೇಡ ಎನ್ನಲೂ ಧೈರ್ಯವಿಲ್ಲದ ಗಂಡಸಿಗೆ ಮದುವೆಯಷ್ಟು ಅನುಕೂಲದ ಏರ್ಪಾಡು ಇನ್ನೊಂದಿಲ್ಲ. ಗೆಳೆಯರ ಗೋವಾ ಪ್ರವಾಸ, ನೆಂಟರ ಗೃಹಪ್ರವೇಶ, ಕ್ರಿಕೆಟ್ ತಂಡದ ಯಜಮಾನಿಕೆ, ಎಲ್ಲದರಿಂದಲೂ ನಾನು ಹನ್ನೆರಡು ವರ್ಷ ‘ಮನೆಯವಳು ಒಪ್ಪಲ್ಲ’ ಎಂಬ ಒಂದೇ ಮಾತಿನಲ್ಲಿ ಪಾರಾಗಿದ್ದೆ. ನನ್ನ ಹೆಂಡತಿ ಶಾರದೆಗೆ ಇದು ಗೊತ್ತಿರಲಿಲ್ಲ. ಗೊತ್ತಾದದ್ದು ಒಂದು ಭಾನುವಾರ ಬೆಳಿಗ್ಗೆ, ನಾಲ್ಕು ಜನರ ಮುಂದೆ.

ಆಗ ತುಮಕೂರು ರಸ್ತೆಯಲ್ಲಿ ಮೆಟ್ರೋ ಕಂಬಗಳು ಏಳುತ್ತಿದ್ದವು. ನಾವು ರಾಜಗೋಪಾಲನಗರದಲ್ಲಿ ಬಾಡಿಗೆಗಿದ್ದೆವು. ನನ್ನದು ಪೀಣ್ಯದ ಕಾರ್ಖಾನೆಯೊಂದರಲ್ಲಿ ತಯಾರಾದ ಭಾಗಗಳನ್ನು ಅಳೆದು, ಕೂದಲೆಳೆಯಷ್ಟು ವ್ಯತ್ಯಾಸವಿದ್ದರೂ ಪಕ್ಕಕ್ಕಿಡುವ ಕೆಲಸ. ಮನೆಯ ಮಾಲೀಕ ಮುನಿರಾಜಣ್ಣ ಅಲ್ಲಿನ ಹಳೇ ಊರಿನವರು. ಅವರ ಕೊಟ್ಟಿಗೆಯಲ್ಲಿ ದನಗಳು ಹೋದ ಮೇಲೂ ಉಳಿದಿದ್ದದ್ದು ಅವರಪ್ಪನ ಕಾಲದ ಅಂಬಾಸಿಡರ್ ಕಾರು. ದಿನಾ ಸಂಜೆ ಅದರ ಮುಂದೆ ನಿಂತು, ಎಂಥಾ ಗಾಡಿ ಎಂದು ನಿಟ್ಟುಸಿರು ಬಿಡುವುದು ನನ್ನ ಅಭ್ಯಾಸ. ನಿಟ್ಟುಸಿರಿಗೆ ಯಾರೂ ಲೆಕ್ಕ ಕೇಳುವುದಿಲ್ಲ ಎಂದುಕೊಂಡಿದ್ದೆ. ಕೊಟ್ಟಿಗೆ ಕೆಡವಿ ಬಾಡಿಗೆ ರೂಮು ಕಟ್ಟಲು ಹೊರಟಾಗ ಅವರು ನನ್ನನ್ನೇ ಕರೆದರು. ಕಾರನ್ನು ಸುಮ್ಮನೆ ಕೊಡುತ್ತೇನೆ, ಸರಿಮಾಡಿಸಿ ಓಡಿಸಿಕೊಳ್ಳಿ; ಭಾನುವಾರದೊಳಗೆ ಹೇಳದಿದ್ದರೆ ಗುಜರಿಯವರು ಬಂದು ಕತ್ತರಿಸಿಕೊಂಡು ಹೋಗುತ್ತಾರೆ ಎಂದರು.

ಆ ವಾರ ದಾಸರಹಳ್ಳಿಯ ಮೆಕ್ಯಾನಿಕ್ ನಯಾಜ್ ಭಾಯಿಯನ್ನು ಮೂರು ಸಲ ಕರೆತಂದೆ. ಮೊದಲ ಸಲ ಅವರ ಸ್ಕ್ರೂಡ್ರೈವರ್ ಕಾರಿನ ತಳದ ತುಕ್ಕು ತಗಡನ್ನು ಹಪ್ಪಳದಂತೆ ತೂರಿಕೊಂಡು ಹೋಯಿತು, ಬೇಡವೆಂದುಕೊಂಡೆ. ಎರಡನೆಯ ಸಲ ಇಂಜಿನ್ ಜಾಮ್ ಆಗಿರದೆ ಕೈಯಲ್ಲೇ ತಿರುಗಿತು, ಬೇಕೆಂದುಕೊಂಡೆ. ಮೂರನೆಯ ಸಲ ನಾನು ಬಾಗಿಲಿನ ಸಂದು ಅಳೆಯುತ್ತ ಕುಳಿತಿದ್ದಾಗ ಅವರು ಕೈ ಒರೆಸಿಕೊಂಡು, “ಬಾಡಿ ಆಗ್ತದೆ ಸಾರ್, ಇಂಜಿನ್ನೂ ಆಗ್ತದೆ. ನಿಮ್ ಕೈಲಿ ಆಗ್ತದಾ, ಅದು ನೋಡ್ಕೊಳ್ಳಿ” ಎಂದರು. ಶನಿವಾರ ಸಂಜೆ ನಾನು ಮುನಿರಾಜಣ್ಣನ ಬಳಿ ಹೋಗಿ, ಎಂದಿನ ಮಾತು ಹೇಳಿ ಬಂದುಬಿಟ್ಟೆ.

ಭಾನುವಾರ ಗುಜರಿಯವರಿಬ್ಬರು ಗ್ಯಾಸ್ ಕಟರ್ ತಂದಿಳಿಸಿದರು. ಬಿಡಿಭಾಗವೇನಾದರೂ ಸಿಕ್ಕೀತೆಂದು ನಯಾಜ್ ಭಾಯಿಯೂ ಬಂದಿದ್ದರು. ನಾನು ನೋಡಲಾರದೆ, ನೋಡದೆ ಇರಲಾರದೆ ನಿಂತಿದ್ದೆ. ಸದ್ದು ಕೇಳಿ ಶಾರದೆ ಕೆಳಗಿಳಿದು ಬಂದಳು. ಮುನಿರಾಜಣ್ಣ ಒಳ್ಳೆಯ ಮನಸ್ಸಿನಿಂದಲೇ, “ಏನ್ ಮಾಡದಮ್ಮ, ಸಾರ್‌ಗೆ ಆಸೆ ಇತ್ತು. ನೀವ್ ಒಪ್ಪಲಿಲ್ವಂತಲ್ಲ” ಎಂದರು.

ಶಾರದೆ ನನ್ನ ಕಡೆ ತಿರುಗಿದಳು. ಕಟರಿನ ನೀಲಿ ಉರಿ ಆಗಲೇ ಬುಸುಗುಡುತ್ತಿತ್ತು.

“ನನ್ನನ್ನ ಯಾವಾಗ ಕೇಳಿದ್ರಿ?”

ಮೆಲ್ಲಗೆ ಕೇಳಿದಳು. ಉತ್ತರಕ್ಕೆ ಅವಳು ಕಾಯಲೂ ಇಲ್ಲ. ಕಟರಿನವನಿಗೆ ನಿಲ್ಲಿಸೆಂದು ಕೈ ತೋರಿಸಿ, ಸೆರಗು ಸಿಕ್ಕಿಸಿ, ಬಾಗಿಲೆಳೆದು ಡ್ರೈವರ್ ಸೀಟಿನಲ್ಲಿ ಕುಳಿತಳು. ಸ್ಟಿಯರಿಂಗ್ ಪಕ್ಕದ ಗೇರನ್ನು ನೋಡದೆಯೇ ಹಿಡಿದು ಒಂದು, ಎರಡು, ಮೂರು ಎಂದು ಬದಲಿಸಿದಳು. ತಿಪಟೂರಿನಲ್ಲಿ ಮಾವನವರು ಟ್ಯಾಕ್ಸಿ ಓಡಿಸುತ್ತಿದ್ದದ್ದು ನನಗೆ ಗೊತ್ತಿತ್ತು. ಅದೂ ಅಂಬಾಸಿಡರ್ ಎಂಬುದು, ಮಗಳಿಗೂ ಅದರಲ್ಲೇ ಕಲಿಸಿದ್ದರು ಎಂಬುದು ಗೊತ್ತಾದದ್ದು ಆಗಲೇ. ಹನ್ನೆರಡು ವರ್ಷದಲ್ಲಿ ನಾನು ಕೇಳಿರಲೇ ಇಲ್ಲ.

“ಅಣ್ಣ, ಇದನ್ನ ನಾವಿಟ್ಕೋತೀವಿ” ಎಂದಳು. ‘ನಾವು’ ಎಂದದ್ದು ಅವಳ ದೊಡ್ಡತನ.

ಮುಂದೆ ಒಂದು ವರ್ಷಕ್ಕೂ ಹೆಚ್ಚು ಕಾಲ ಪ್ರತಿ ಭಾನುವಾರ ನಯಾಜ್ ಭಾಯಿಯ ಶೆಡ್ಡಿನಲ್ಲಿ ಅವಳು ತುಕ್ಕು ಉಜ್ಜಿದಳು, ನಟ್ಟು ಬಿಚ್ಚಿದಳು. ನಾನು ಟಾರ್ಚ್ ಹಿಡಿದೆ. ಕೊನೆಗೆ ಕೆನೆ ಬಣ್ಣ ಹೊಡೆದ ದಿನ, ಸರಿಯಾಗಿ ಕೂತಿದೆಯೇ ಎಂದು ಪರೀಕ್ಷಿಸಲು ಮುಟ್ಟಿದೆ. ಬಣ್ಣ ಒಣಗಿರಲಿಲ್ಲ. ಬಾಗಿಲ ಮೇಲೆ ನನ್ನ ಹೆಬ್ಬೆಟ್ಟು ಅಚ್ಚೊತ್ತಿದಂತೆ ಮೂಡಿತು. ನಯಾಜ್ ಭಾಯಿ ಬೈದುಕೊಳ್ಳುತ್ತ ಮತ್ತೆ ಉಜ್ಜಲು ಹೊರಟರು. ಶಾರದೆ ತಡೆದಳು.

“ಇರ್ಲಿ ಬಿಡಿ ಭಾಯ್. ಇದೊಂದಕ್ಕಾದ್ರೂ ಅವರ ಒಪ್ಪಿಗೆ ಸಿಕ್ತು.”